ಪ್ರಿಂಟು ಅಳತೆಗೆ ಕೂರುತ್ತಿಲ್ಲವೇ? ತಪ್ಪು ಎಲ್ಲಿದೆ ಅಂತ ಹೀಗೆ ಹುಡುಕಿ

ಫೋಟೋ ಫ್ರೇಮಿಗಿಂತ ಎರಡು ಮಿಲಿಮೀಟರ್ ದೊಡ್ಡದಾಗುತ್ತದೆ. ಗೃಹಪ್ರವೇಶದ ಫೋಟೋದಲ್ಲಿ ಹಿಂದಿನ ಸಾಲಿನ ಎತ್ತರದ ಮಾವನ ಹಣೆ ಕಾಣೆಯಾಗುತ್ತದೆ. ವೀಸಾ ಕೌಂಟರಿನಲ್ಲಿ ಅಳತೆ ಸರಿಯಿಲ್ಲ ಅಂತ ಫೋಟೋ ವಾಪಸ್ ಕೊಡುತ್ತಾರೆ. ಬಾಡಿಗೆ ಕರಾರಿನ ಕೊನೆಯ ಸಾಲು ಅರ್ಧಕ್ಕೆ ಕತ್ತರಿಸಿ ಬರುತ್ತದೆ. ಇವೆಲ್ಲ ಬೇರೆ ಬೇರೆ ತೊಂದರೆ ಅನಿಸಿದರೂ ಕಾರಣ ಮೂರೇ. ಎಲ್ಲೋ ಇಂಚು ಮತ್ತು ಸೆಂಟಿಮೀಟರ್ ಅದಲುಬದಲಾಗಿರುತ್ತವೆ. ಇಲ್ಲವೇ ಚಿತ್ರದ ಆಕಾರ ಒಂದು, ಕಾಗದದ ಆಕಾರ ಇನ್ನೊಂದು. ಅದೂ ಅಲ್ಲದಿದ್ದರೆ ನಡುವೆ ಯಾವುದೋ ಸಾಫ್ಟ್‌ವೇರ್ ನಿಮ್ಮನ್ನು ಕೇಳದೆ ಚಿತ್ರವನ್ನು ಹಿಗ್ಗಿಸಿದೆ ಅಥವಾ ಕುಗ್ಗಿಸಿದೆ. ಪ್ರಿಂಟರ್ ನಿಜವಾಗಿ ಕೆಟ್ಟಿರುವುದು ಅಪರೂಪ.

ನಮ್ಮಲ್ಲಿ ಈ ಗೊಂದಲ ಸ್ವಲ್ಪ ಜಾಸ್ತಿಯೇ. 1956ರ ಕಾಯ್ದೆಯಿಂದ ದೇಶ ಮೆಟ್ರಿಕ್ ಪದ್ಧತಿಗೆ ಬಂತು, ಹಾಲು ಲೀಟರಿಗೆ ಬಂತು, ಬಟ್ಟೆ ಮೀಟರಿಗೆ ಬಂತು. ಆದರೆ ಸೈಟು ಅಡಿಯಲ್ಲೇ ಉಳಿಯಿತು, ಟಿವಿ ಮತ್ತು ಫೋಟೋ ಇಂಚಿನಲ್ಲೇ ಉಳಿದವು, ಕಾಗದ ಮಾತ್ರ ಮಿಲಿಮೀಟರ್ ಲೆಕ್ಕದ ಎ4. ಬೆಂಗಳೂರಿನಲ್ಲಿ "ತರ್ಟಿ ಫಾರ್ಟಿ" ಅಂದರೆ ಯಾವ ಮಾನ, ಅಡಿಯೋ ಇಂಚೋ ಅಂತ ಯಾರೂ ಕೇಳುವುದಿಲ್ಲ, ಅದು ಸೈಟೇ. ಅದೇ ಮಾತನ್ನು ಫ್ರೇಮ್ ಅಂಗಡಿಯಲ್ಲಿ ಹೇಳಿದರೆ ಸೆಂಟಿಮೀಟರೂ ಆಗಬಹುದು, ಇಂಚೂ ಆಗಬಹುದು. 4×6 ಅಂದರೆ ಸ್ಟುಡಿಯೋದವರಿಗೆ ಇಂಚು, ಬ್ಯಾನರ್ ಮಾಡುವವರಿಗೆ ಅಡಿ. ಆದ್ದರಿಂದ ಅಂಗಡಿಯಲ್ಲಾಗಲಿ, ಆನ್‌ಲೈನ್ ಆರ್ಡರಿನಲ್ಲಾಗಲಿ ಬರೀ ಸಂಖ್ಯೆ ಹೇಳಿ ಸುಮ್ಮನಾಗಬೇಡಿ. ಸಂಖ್ಯೆಯ ಜೊತೆ ಮಾನ ಹೇಳಿ.

ಮೊದಲು ಸ್ಕೇಲು ಹಿಡಿಯಿರಿ

ಪ್ರಿಂಟರಿನ ಸೆಟ್ಟಿಂಗ್ ತೆಗೆದು ಕಂಡಿದ್ದೆಲ್ಲ ಒತ್ತುವುದಕ್ಕಿಂತ ಮುಂಚೆ ಮಿಲಿಮೀಟರ್ ಗೆರೆ ಇರುವ ಒಂದು ಸ್ಕೇಲು ತೆಗೆದುಕೊಳ್ಳಿ. ಮೂರು ಅಳತೆ ಬೇಕು: ಕಾಗದದ್ದು, ಕಾಗದದ ಮೇಲೆ ಬಿದ್ದ ಚಿತ್ರದ್ದು, ಮತ್ತು ಅದು ಹೋಗಿ ಕೂರಬೇಕಾದ ಜಾಗದ್ದು. ಫ್ರೇಮ್ ಆದರೆ ಹಿಂದಿನ ಹಲಗೆ ತೆಗೆದು ಗಾಜನ್ನೇ ಅಳೆಯಿರಿ. ಮುಂದಿನಿಂದ ಕಾಣುವ ಕಿಂಡಿಯನ್ನು ಅಳೆದರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಕಟ್ಟಿನ ಅಂಚು ಸುತ್ತಲೂ ಕೆಲವು ಮಿಲಿಮೀಟರ್ ಗಾಜನ್ನು ಮುಚ್ಚಿಕೊಂಡಿರುತ್ತದೆ.

ಮನೆಯಲ್ಲಿ ಸ್ಕೇಲು ಸಿಗಲಿಲ್ಲವೇ? ಪರ್ಸಿನಲ್ಲಿರುವ ಪ್ಯಾನ್ ಕಾರ್ಡ್ ಸಾಕು. ಪ್ಯಾನ್, ಎಟಿಎಂ ಕಾರ್ಡ್, ಪ್ಲಾಸ್ಟಿಕ್ ಆಧಾರ್, ಡ್ರೈವಿಂಗ್ ಲೈಸೆನ್ಸ್ ಎಲ್ಲವೂ ಒಂದೇ ಅಂತರರಾಷ್ಟ್ರೀಯ ಅಳತೆಯವು, 85.6 ಮಿ.ಮೀ. ಉದ್ದ, 54 ಮಿ.ಮೀ. ಅಗಲ. ಕಾರ್ಡನ್ನು ಮೂಲ ಅಳತೆಯಲ್ಲೇ ಸ್ಕ್ಯಾನ್ ಮಾಡಿ, ಮೂಲ ಅಳತೆಯಲ್ಲೇ ಪ್ರಿಂಟ್ ಕೊಟ್ಟು, ಪ್ರಿಂಟಿನ ಮೇಲೆ ಕಾರ್ಡ್ ಇಟ್ಟು ನೋಡಿ. ಅಂಚು ಅಂಚಿಗೆ ಕೂತರೆ ನಿಮ್ಮ ಪ್ರಿಂಟರ್ ಸುಳ್ಳು ಹೇಳುತ್ತಿಲ್ಲ.

ಇನ್ನೂ ಒಳ್ಳೆ ಪರೀಕ್ಷೆ ಅಂದರೆ ವರ್ಡ್ ಫೈಲಿನಲ್ಲಿ 10 ಸೆಂಟಿಮೀಟರ್ ಚೌಕ ಬರೆದು, ನೀವು ಯಾವಾಗಲೂ ಕೊಡುವ ರೀತಿಯಲ್ಲೇ ಪ್ರಿಂಟ್ ಕೊಟ್ಟು ಅಳೆಯುವುದು. ಸರಿಯಾಗಿ 100 ಮಿ.ಮೀ. ಬಂದರೆ ಹಿಗ್ಗು-ಕುಗ್ಗಿನ ತೊಂದರೆ ಇಲ್ಲ ಅಂತಲೇ ಲೆಕ್ಕ, ಮಾನ ಮತ್ತು ಆಕಾರದ ಕಡೆ ನೋಡಿ. 94 ಬಂದರೆ ಎ4 ಪುಟವನ್ನು ಯಾರೋ ಅಮೆರಿಕದ ಲೆಟರ್ ಅಳತೆಗೆ ಹೊಂದಿಸಿದ್ದಾರೆ. 97 ಬಂದರೆ ಅದರ ಉಲ್ಟಾ, ಲೆಟರ್ ಪುಟ ಎ4ಗೆ ಇಳಿದಿದೆ. 100ಕ್ಕಿಂತ ಕೆಲವು ಮಿಲಿಮೀಟರ್ ಜಾಸ್ತಿ ಬಂದರೆ ಅಂಚಿಲ್ಲದ ಪ್ರಿಂಟ್, ಅಂದರೆ ಬಾರ್ಡರ್‌ಲೆಸ್ ಅನ್ನುವ ಆಯ್ಕೆ ಆನ್ ಆಗಿದೆ. ಒಂದೇ ಚೌಕ ಇಷ್ಟು ಹೇಳುತ್ತದೆ. ಅರ್ಧ ಪ್ಯಾಕೆಟ್ ಫೋಟೋ ಪೇಪರ್ ಹಾಳು ಮಾಡುವ ಬದಲು ಮಾಮೂಲಿ ಹಾಳೆಯಲ್ಲೇ ಇದನ್ನು ಮಾಡಿ.

ಎರಡು ಮೂರು ಮಿಲಿಮೀಟರ್ ಮಾತ್ರ ವ್ಯತ್ಯಾಸವಿದ್ದರೆ

ಇಲ್ಲಿ ತಪ್ಪು ಹೆಚ್ಚಾಗಿ ಇಂಚು-ಸೆಂಟಿಮೀಟರಿನದು. ಒಂದು ಇಂಚು ಅಂದರೆ ಸರಿಯಾಗಿ 25.4 ಮಿ.ಮೀ. 1959ರಲ್ಲಿ ಇಂಗ್ಲಿಷ್ ಮಾತಾಡುವ ಕೆಲವು ದೇಶಗಳು ಕೂತು ಇದನ್ನು ಗಟ್ಟಿ ಮಾಡಿಕೊಂಡವು, ಅದಕ್ಕೆ ಮುಂಚೆ ಅಮೆರಿಕದ ಇಂಚಿಗೂ ಬ್ರಿಟನ್ನಿನ ಇಂಚಿಗೂ ಕೂದಲೆಳೆಯ ವ್ಯತ್ಯಾಸ ಇತ್ತು. ಈ 25.4 ದುಂಡು ಸಂಖ್ಯೆಯಲ್ಲ, ಅದಕ್ಕೇ ಇಂಚಿನ ಫೋಟೋ ಮತ್ತು ಸೆಂಟಿಮೀಟರಿನ ಫ್ರೇಮ್ ಹತ್ತಿರ ಹತ್ತಿರ ಬರುತ್ತವೆ, ಕೂರುವುದಿಲ್ಲ.

ಸ್ಟುಡಿಯೋದ 4×6 ಇಂಚಿನ ಪ್ರಿಂಟು 102×152 ಮಿ.ಮೀ. ಇರುತ್ತದೆ. ಹೊರದೇಶದ ಬ್ರ್ಯಾಂಡಿನ ಫ್ರೇಮಿನ ಮೇಲೆ 10×15 ಅಂತ ಬರೆದಿದ್ದರೆ ಅದು ಸೆಂಟಿಮೀಟರ್, ಗಾಜು 100×150. ಪ್ರಿಂಟು ಎರಡೂ ಕಡೆ ಎರಡು ಮಿಲಿಮೀಟರ್ ದೊಡ್ಡದು. ಒತ್ತಿ ಕೂರಿಸಿದರೆ ನಡುವೆ ಉಬ್ಬುತ್ತದೆ, ಕೆಲವು ತಿಂಗಳಾದ ಮೇಲೆ ಉಬ್ಬಿದ ಜಾಗ ಗಾಜಿಗೆ ಅಂಟಿಕೊಳ್ಳುತ್ತದೆ. 5×7ರದ್ದು ಉಲ್ಟಾ ಕಥೆ. ಇಂಚಿನ ಪ್ರಿಂಟು 127×178, ಸೆಂಟಿಮೀಟರ್ ಫ್ರೇಮು 13×18, ಅಂದರೆ 130×180. ಇಲ್ಲಿ ಪ್ರಿಂಟು ಚಿಕ್ಕದು, ಒಳಗೆ ಜಾರಿ ಒಂದು ಪಕ್ಕ ಬಿಳಿ ಗೆರೆ ಕಾಣುತ್ತದೆ. ಒಂದು ಅಳತೆಯಲ್ಲಿ ದೊಡ್ಡದು, ಮುಂದಿನದರಲ್ಲಿ ಚಿಕ್ಕದು, ಅದಕ್ಕೇ ಜನ ಇನ್ನೂ ಗೊಂದಲಕ್ಕೆ ಬೀಳುತ್ತಾರೆ. ಉಳಿದವನ್ನು ಬೇಗ ಹೇಳಿಬಿಡುತ್ತೇನೆ:

8×10 ಇಂಚು = 203×254 ಮಿ.ಮೀ.; ಫ್ರೇಮು 20×25 ಸೆಂ.ಮೀ. ಆದರೆ ಪ್ರಿಂಟು ದೊಡ್ಡದು.
8×12 ಇಂಚು = 203×305 ಮಿ.ಮೀ.; 20×30 ಸೆಂ.ಮೀ. ಫ್ರೇಮಿಗೆ ದೊಡ್ಡದು.
12×16 ಇಂಚು = 305×406 ಮಿ.ಮೀ.; 30×40 ಸೆಂ.ಮೀ. ಫ್ರೇಮಿಗೆ ದೊಡ್ಡದು.
12×18 ಇಂಚು = 305×457 ಮಿ.ಮೀ.; 30×45 ಸೆಂ.ಮೀ. ಫ್ರೇಮಿಗೆ ದೊಡ್ಡದು.

ಪರಿಹಾರ ಸುಲಭ. ಪ್ರಿಂಟು ದೊಡ್ಡದಾಗಿದ್ದರೆ ಉಕ್ಕಿನ ಸ್ಕೇಲಿಟ್ಟು ಬ್ಲೇಡಿನಿಂದ ಕತ್ತರಿಸಿ, ಎರಡು ಮಿಲಿಮೀಟರ್ ಹೋದರೆ ಯಾರ ಮುಖವೂ ಹೋಗುವುದಿಲ್ಲ. ಎರಡು ಮಿಲಿಮೀಟರನ್ನು ಒಂದೇ ಕಡೆಯಿಂದ ತೆಗೆಯಬೇಡಿ, ಎರಡೂ ಬದಿ ಒಂದೊಂದು ತೆಗೆಯಿರಿ. ಚಿಕ್ಕದಾಗಿದ್ದರೆ ಮೌಂಟ್ ಬೋರ್ಡ್ (ಫೋಟೋ ಸುತ್ತ ಕೂರುವ, ನಡುವೆ ಕಿಂಡಿ ಇರುವ ದಪ್ಪ ರಟ್ಟು) ಹಾಕಿಸಿ, ಅದರ ಕಿಂಡಿಯನ್ನು ಪ್ರಿಂಟಿಗಿಂತ ಸುತ್ತಲೂ ಮೂರು ನಾಲ್ಕು ಮಿಲಿಮೀಟರ್ ಕಮ್ಮಿ ಕತ್ತರಿಸಲು ಹೇಳಿ. ಚಿಕ್ಕಪೇಟೆ ಕಡೆಯಾಗಲಿ ನಿಮ್ಮ ಬಡಾವಣೆಯಲ್ಲಾಗಲಿ ಕಟ್ಟು ಹಾಕುವವರ ಹತ್ತಿರ ಹೋಗುವುದಾದರೆ ಫೋಟೋವನ್ನೇ ತೆಗೆದುಕೊಂಡು ಹೋಗಿ. ಅವರು ಪ್ರಿಂಟನ್ನು ಎದುರಿಗಿಟ್ಟುಕೊಂಡು ಕಟ್ಟು ಕತ್ತರಿಸುತ್ತಾರೆ, ಈ ತಲೆನೋವೇ ಇರುವುದಿಲ್ಲ. ಸಿದ್ಧ ಫ್ರೇಮ್ ಕೊಂಡವರಿಗೆ ಮಾತ್ರ ಈ ಸಂಕಟ.

ಸ್ಟುಡಿಯೋದ ಪಟ್ಟಿಯಲ್ಲಿ 4ಆರ್, 5ಆರ್, 8ಆರ್ ಅಂತ ಬರೆದಿದ್ದರೆ ಆ ಸಂಖ್ಯೆ ಚಿಕ್ಕ ಬದಿಯ ಇಂಚು. 4ಆರ್ ಅಂದರೆ 4×6, 5ಆರ್ ಅಂದರೆ 5×7, 8ಆರ್ ಅಂದರೆ 8×10. 8×12 ಬೇಕಿದ್ದರೆ 8ಆರ್ ಅಂದರೆ ಸಾಲದು, ಎರಡೂ ಸಂಖ್ಯೆ ಹೇಳಿ.

ತಲೆ ಕತ್ತರಿಸಿ ಬಂದರೆ, ಅಥವಾ ಪಕ್ಕದಲ್ಲಿ ಬಿಳಿ ಪಟ್ಟಿ ಬಂದರೆ

ಇದು ಮಾನದ ತೊಂದರೆ ಅಲ್ಲ, ಆಕಾರದ್ದು. ಮೊಬೈಲ್ ಕ್ಯಾಮೆರಾ ಸಾಮಾನ್ಯವಾಗಿ 4:3 ಆಕಾರದ, ಅಂದರೆ ಉದ್ದದ ಬದಿ ನಾಲ್ಕು ಪಾಲಾದರೆ ಚಿಕ್ಕ ಬದಿ ಮೂರು ಪಾಲಿರುವ ಚಿತ್ರ ತೆಗೆಯುತ್ತದೆ. ಮದುವೆಮನೆಯ ದೊಡ್ಡ ಕ್ಯಾಮೆರಾಗಳದ್ದು 3:2. 4×6 ಇಂಚಿನ ಕಾಗದ ಸರಿಯಾಗಿ 3:2, 35 ಮಿ.ಮೀ. ಫಿಲ್ಮಿನ ಕಾಲದಿಂದ ಬಂದ ಜೋಡಿ ಅದು. ಹಾಗಾಗಿ ದೊಡ್ಡ ಕ್ಯಾಮೆರಾದ ಫೋಟೋ 4×6ರಲ್ಲಿ ಒಂದು ಕೂದಲೂ ಹೋಗದೆ ಬರುತ್ತದೆ. ಮೊಬೈಲಿನದು ಬರುವುದಿಲ್ಲ. ಆರು ಇಂಚು ಉದ್ದಕ್ಕೆ 4:3 ಚಿತ್ರ ನಾಲ್ಕೂವರೆ ಇಂಚು ಎತ್ತರ ಕೇಳುತ್ತದೆ, ಕಾಗದ ಇರುವುದು ನಾಲ್ಕೇ. ಅರ್ಧ ಇಂಚು, ಅಂದರೆ ಚಿತ್ರದ ಒಂಬತ್ತನೇ ಒಂದು ಭಾಗ ಹೋಗಲೇಬೇಕು. ಲ್ಯಾಬಿನ ಯಂತ್ರ ಅದನ್ನು ಮೇಲೆ ಕಾಲು, ಕೆಳಗೆ ಕಾಲು ಅಂತ ಸಮವಾಗಿ ತೆಗೆಯುತ್ತದೆ. ಮೇಲೆ ಮಾವನ ಹಣೆ ಇದೆ ಅಂತ ಅದಕ್ಕೇನು ಗೊತ್ತು?

8×10ಕ್ಕೆ ಬಂದರೆ ಪಾತ್ರ ಅದಲುಬದಲಾಗುತ್ತದೆ. 8×10ರ ಆಕಾರ 5:4. ಮೊಬೈಲಿನ 4:3 ಚಿತ್ರ ಅದಕ್ಕೆ ಹತ್ತಿರ, ಸ್ವಲ್ಪವೇ ಕತ್ತರಿ ಬೀಳುತ್ತದೆ. ಮದುವೆಮನೆ ಕ್ಯಾಮೆರಾದ 3:2 ಚಿತ್ರ ಮಾತ್ರ 8×12 ಆಗಬೇಕಿತ್ತು, ಹನ್ನೆರಡರಲ್ಲಿ ಎರಡು ಇಂಚು ಹೋಗುತ್ತದೆ. ಸಾಲಾಗಿ ನಿಂತ ಕುಟುಂಬದ ಫೋಟೋದಲ್ಲಿ ಎರಡು ಇಂಚು ಅಂದರೆ ಎರಡು ತುದಿಯ ಇಬ್ಬರು. ಇನ್ನು ಮೊಬೈಲನ್ನು ಪೂರ್ತಿ ಪರದೆಯ 16:9ಕ್ಕೆ ಇಟ್ಟು ತೆಗೆದ ಚಿತ್ರವಾದರೆ 4×6ರಲ್ಲಿ ಉದ್ದದ ಕಡೆ ಸುಮಾರು ಶೇ. 16 ಹೋಗುತ್ತದೆ. ಪ್ರಿಂಟ್ ಹಾಕಿಸುವ ಯೋಚನೆ ಇದ್ದರೆ ಆ ಆಯ್ಕೆ ಆಫ್ ಮಾಡಿಯೇ ಫೋಟೋ ತೆಗೆಯಿರಿ, ನೋಡುವುದಕ್ಕೆ ಚೆಂದ ಅನ್ನುವುದು ಬಿಟ್ಟರೆ ಅದರಿಂದ ಏನೂ ಲಾಭವಿಲ್ಲ.

ನಿಮ್ಮ ಚಿತ್ರದ ಆಕಾರ ಯಾವುದು ಅಂತ ತಿಳಿಯಲು ಫೋಟೋದ ವಿವರ ತೆಗೆದು ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕಿಗಳ ಲೆಕ್ಕ ನೋಡಿ. ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸಿ. 1.33 ಬಂದರೆ 4:3, 1.5 ಬಂದರೆ 3:2, 1.78 ಬಂದರೆ 16:9. ಕಾಗದಕ್ಕೂ ಅದೇ ಲೆಕ್ಕ ಮಾಡಿ: 4×6 ಅಂದರೆ 1.5, 5×7 ಅಂದರೆ 1.4, 8×10 ಅಂದರೆ 1.25. ಎರಡು ಸಂಖ್ಯೆ ಒಂದೇ ಇದ್ದರೆ ಏನೂ ಕತ್ತರಿಸುವುದಿಲ್ಲ. ಬೇರೆ ಇದ್ದರೆ ಕತ್ತರಿಸಬೇಕು ಅಥವಾ ಬಿಳಿ ಪಟ್ಟಿ ಬಿಡಬೇಕು, ಮೂರನೇ ದಾರಿ ಅಂದರೆ ಎಳೆದು ಹಿಗ್ಗಿಸುವುದು, ಆಗ ಎಲ್ಲರೂ ದಪ್ಪ ಕಾಣುತ್ತಾರೆ. ಬಿಳಿ ಪಟ್ಟಿ ಬಂತು ಅಂದರೆ ಅಂಗಡಿಯವರು ಏನೋ ಕೆಡಿಸಿದ್ದಾರೆ ಅಂತಲ್ಲ, ಅವರು ನಿಮ್ಮ ಚಿತ್ರವನ್ನು ಉಳಿಸಿದ್ದಾರೆ.

ಲ್ಯಾಬಿನವರ ಮಾತಿನಲ್ಲಿ ಪೂರ್ತಿ ಚಿತ್ರ ಉಳಿಸುವುದು "ಫಿಟ್", ಕಾಗದ ತುಂಬಿಸುವುದು "ಫಿಲ್". ನೀವು ಹೇಳದಿದ್ದರೆ ಫಿಲ್ ಮಾಡಿಬಿಡುತ್ತಾರೆ. "ಅಣ್ಣಾ, ನಾಲ್ಕು ಆರು ಇಂಚು, ಫಿಟ್ ಮಾಡಿ, ಬಿಳಿ ಬಂದ್ರೂ ಪರವಾಗಿಲ್ಲ, ಕಟ್ ಮಾಡ್ಬೇಡಿ" ಅಂದರೆ ಕೆಲಸ ಮುಗಿಯಿತು. ಇನ್ನೂ ಒಳ್ಳೆಯದು ಅಂದರೆ ಮೊಬೈಲಿನಲ್ಲೇ ಕ್ರಾಪ್ ಒತ್ತಿ 3:2 ಆರಿಸಿ, ಏನು ಹೋಗಬೇಕು ಅನ್ನುವುದನ್ನು ನೀವೇ ತೀರ್ಮಾನಿಸಿ ಕಳಿಸುವುದು. ಕತ್ತರಿ ಯಾರ ಕೈಯಲ್ಲಿದೆ ಅನ್ನುವುದೇ ಇಲ್ಲಿ ಮುಖ್ಯ ವಿಷಯ.

ಎ4 ಫೋಟೋ ಪೇಪರಿನ ವಿಚಿತ್ರ

ಮನೆಯಲ್ಲಿ ಇಂಕ್‌ಜೆಟ್ ಪ್ರಿಂಟರ್ ಇರುವವರು ಎ4 ಫೋಟೋ ಪೇಪರ್ ತರುತ್ತಾರೆ, ಯಾಕೆಂದರೆ ಅದು ಎಲ್ಲ ಕಡೆ ಸಿಗುತ್ತದೆ. ಆಮೇಲೆ ಯಾವ ಫೋಟೋ ಹಾಕಿದರೂ ಸರಿ ಕೂರುವುದಿಲ್ಲ ಅಂತ ಬೈಯುತ್ತಾರೆ. ಅವರು ಹೇಳುವುದು ನಿಜ, ಎ4 ಫೋಟೋಗೆ ಅಂತ ಮಾಡಿದ ಆಕಾರವೇ ಅಲ್ಲ. 210×297 ಮಿ.ಮೀ., ಉದ್ದವನ್ನು ಅಗಲದಿಂದ ಭಾಗಿಸಿದರೆ 1.414, ಅಂದರೆ ಎರಡರ ವರ್ಗಮೂಲ. ಈ ಸಂಖ್ಯೆಯ ಗುಣ ಏನೆಂದರೆ ಹಾಳೆಯನ್ನು ಅರ್ಧಕ್ಕೆ ಮಡಿಸಿದರೂ ಆಕಾರ ಬದಲಾಗುವುದಿಲ್ಲ. ಎ3 ಅರ್ಧ ಮಾಡಿದರೆ ಎ4, ಎ4 ಅರ್ಧ ಮಾಡಿದರೆ ಎ5. ಜರ್ಮನಿಯ ವಿಜ್ಞಾನಿ ಲಿಕ್ಟೆನ್‌ಬರ್ಗ್ 1786ರಲ್ಲೇ ಒಂದು ಪತ್ರದಲ್ಲಿ ಇದನ್ನು ಬರೆದಿದ್ದರು. 1922ರಲ್ಲಿ ಜರ್ಮನಿ ಅದನ್ನು ತನ್ನ ಮಾನಕ ಮಾಡಿಕೊಂಡಿತು, 1975ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಎ0 ಹಾಳೆ ಸರಿಯಾಗಿ ಒಂದು ಚದರ ಮೀಟರ್, ಉಳಿದದ್ದೆಲ್ಲ ಅದರ ಮಡಿಕೆಗಳು. ಕಚೇರಿಗೆ, ಜೆರಾಕ್ಸಿಗೆ, ಪುಸ್ತಕಕ್ಕೆ ಬಹಳ ಜಾಣ ವ್ಯವಸ್ಥೆ. ಕ್ಯಾಮೆರಾ ಮಾಡಿದವರು ಮಾತ್ರ ಅದನ್ನು ಕೇಳಲಿಲ್ಲ.

ತಮಾಷೆ ಅಂದರೆ 1.414 ಅನ್ನುವುದು 1.33 ಮತ್ತು 1.5ರ ನಡುವೆ ಸರಿಯಾಗಿ ಮಧ್ಯದಲ್ಲಿ ಕೂತಿದೆ. 4:3 ಮತ್ತು 3:2 ಗುಣಿಸಿದರೆ 2 ಬರುತ್ತದೆ, ಅದರ ವರ್ಗಮೂಲವೇ ಎ4ರ ಆಕಾರ. ಆದ್ದರಿಂದ ಎ4 ಮೊಬೈಲಿಗೂ ದೊಡ್ಡ ಕ್ಯಾಮೆರಾಗೂ ಸಮನಾಗಿ ಅನ್ಯಾಯ ಮಾಡುತ್ತದೆ. ಯಾವುದನ್ನು ಪೂರ್ತಿ ತುಂಬಿಸಿದರೂ ಶೇ. 5.7ರಷ್ಟು ಕತ್ತರಿ. ಕತ್ತರಿಸದೆ ಇಟ್ಟರೆ ಮೊಬೈಲ್ ಚಿತ್ರಕ್ಕೆ ಉದ್ದದ ಎರಡು ತುದಿಯಲ್ಲಿ ಎಂಟೂವರೆ ಮಿಲಿಮೀಟರ್ ಬಿಳಿ, ದೊಡ್ಡ ಕ್ಯಾಮೆರಾದ ಚಿತ್ರಕ್ಕೆ ಅಗಲದ ಎರಡು ಬದಿಯಲ್ಲಿ ಆರು ಮಿಲಿಮೀಟರ್ ಬಿಳಿ. ಆ ಬಿಳಿಯನ್ನು ದೋಷ ಅಂತ ತಿಳಿದು ಸೆಟ್ಟಿಂಗ್ ಹುಡುಕುತ್ತಾ ಕೂರಬೇಡಿ. ಕತ್ತರಿ ಹಿಡಿದು ಅಂಚು ತೆಗೆದರೆ ಆಯಿತು.

ಡಾಕ್ಯುಮೆಂಟಿನ ಕೆಳಸಾಲು ಕತ್ತರಿಸಿದರೆ, ಅಥವಾ ಎಲ್ಲವೂ ಸ್ವಲ್ಪ ಚಿಕ್ಕದಾಗಿ ಬಂದರೆ

ಇದರ ಹಿಂದೆ ಅಮೆರಿಕದ ಲೆಟರ್ ಕಾಗದ ಇರುತ್ತದೆ. ನಮ್ಮೂರಿನಲ್ಲಿ ಆ ಕಾಗದವನ್ನು ಯಾರೂ ಟ್ರೇಗೆ ಹಾಕುವುದಿಲ್ಲ, ಆದರೆ ಲ್ಯಾಪ್‌ಟಾಪುಗಳಲ್ಲಿ ಅದು ಮನೆಮಾಡಿಕೊಂಡಿದೆ. ಅಮೆರಿಕದಿಂದ ಅಣ್ಣ ತಂದುಕೊಟ್ಟ ಮಷೀನು, ಅಲ್ಲಿನ ಕ್ಲೈಂಟಿಗಾಗಿ ಸೆಟಪ್ ಮಾಡಿದ ಆಫೀಸ್ ಮಷೀನು, ಅಥವಾ ವಿಂಡೋಸ್ ಹಾಕುವಾಗ ಸುಮ್ನೆ ಅಮೆರಿಕದ ಇಂಗ್ಲಿಷ್ ಒತ್ತಿ ಮುಂದೆ ಹೋದದ್ದು, ಯಾವುದಾದರೂ ಆಗಬಹುದು. ಪ್ರದೇಶ ಅಮೆರಿಕ ಅಂತಿದ್ದರೆ ಕಾಗದ ತಾನಾಗಿ ಲೆಟರ್ ಆಗುತ್ತದೆ.

ಲೆಟರ್ ಅಂದರೆ 8.5×11 ಇಂಚು, ಮಿಲಿಮೀಟರಿನಲ್ಲಿ ಸುಮಾರು 216×279. ಎ4ಗಿಂತ 6 ಮಿ.ಮೀ. ಅಗಲ ಜಾಸ್ತಿ, 18 ಮಿ.ಮೀ. ಉದ್ದ ಕಮ್ಮಿ. ಹಾಗಾಗಿ ಎ4ಗೆ ಬರೆದ ಪುಟ ಲೆಟರ್ ಅಂತ ಹೋದರೆ ಕೆಳಗಿನ 18 ಮಿ.ಮೀ.ಗೆ ಜಾಗವಿಲ್ಲ. ಕೊನೆಯ ಸಾಲು ಹೋಗುತ್ತದೆ, ಇಲ್ಲವೇ ಪೂರ್ತಿ ಪುಟ ಶೇ. 94ಕ್ಕೆ ಕುಗ್ಗುತ್ತದೆ. ಕೆಲವು ಪ್ರಿಂಟರುಗಳು ಎರಡನ್ನೂ ಮಾಡದೆ ಕೇಸರಿ ದೀಪ ಮಿನುಗಿಸಿ, ಕಾಗದದ ಅಳತೆ ಹೊಂದುತ್ತಿಲ್ಲ ಅಂತ ನಿಂತುಬಿಡುತ್ತವೆ. ಆಗ ಜನ ಕಾಗದ ಸಿಕ್ಕಿಕೊಂಡಿದೆ ಅಂತ ಹಿಂದಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಹುಡುಕುತ್ತಾರೆ.

ನೋಡಬೇಕಾದ ಜಾಗ ನಾಲ್ಕು, ನಾಲ್ಕರಲ್ಲೂ ಎ4 ಇರಬೇಕು. ಫೈಲಿನ ಪುಟದ ಅಳತೆ (ವರ್ಡ್ ಆದರೆ ಲೇಔಟ್, ಅದರಲ್ಲಿ ಸೈಜ್). ಪ್ರಿಂಟ್ ಒತ್ತಿದಾಗ ತೆರೆಯುವ ಕಿಟಕಿಯ ಪೇಪರ್ ಸೈಜ್, ಕ್ರೋಮ್‌ನಲ್ಲಿ ಅದು "ಮೋರ್ ಸೆಟ್ಟಿಂಗ್ಸ್" ಒಳಗೆ ಅಡಗಿರುತ್ತದೆ. ಕಂಪ್ಯೂಟರಿನಲ್ಲಿ ಆ ಪ್ರಿಂಟರಿಗೆ ಇಟ್ಟಿರುವ ಮೂಲ ಸೆಟ್ಟಿಂಗ್. ಕೊನೆಗೆ ಪ್ರಿಂಟರಿನ ಸ್ವಂತ ಪರದೆಯಲ್ಲಿ ಟ್ರೇಗೆ ಹೇಳಿರುವ ಅಳತೆ. ಮೊದಲ ಎರಡನ್ನು ಎಲ್ಲರೂ ನೋಡುತ್ತಾರೆ. ಮೂರನೆಯದನ್ನು ಬಿಟ್ಟಿರುವುದರಿಂದಲೇ ಇವತ್ತು ಸರಿಯಾದದ್ದು ನಾಳೆ ಮತ್ತೆ ಕೆಡುತ್ತದೆ. ಪಿಡಿಎಫ್ ಪ್ರಿಂಟ್ ಮಾಡುವಾಗ ಅಳತೆ ಮುಖ್ಯ ಅನ್ನಿಸಿದರೆ "ಫಿಟ್" ಬಿಟ್ಟು "ಆಕ್ಚುಯಲ್ ಸೈಜ್" ಆರಿಸಿ. ಅಳತೆ ಮುಖ್ಯವಲ್ಲ, ಅಕ್ಷರ ಎಲ್ಲ ಬಂದರೆ ಸಾಕು ಅನ್ನಿಸಿದರೆ ಫಿಟ್ಟೇ ಇರಲಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಕೋರ್ಟು-ಕಚೇರಿ ಕಾಗದದ ವಿಷಯ ಒಂದೆರಡು ಮಾತಿನಲ್ಲಿ. ಲೀಗಲ್ ಅಂದರೆ 8.5×14 ಇಂಚು. ಎಫ್‌ಎಸ್, ಅಂದರೆ ಫುಲ್‌ಸ್ಕೇಪ್, ಸುಮಾರು 8.5×13. ಜೆರಾಕ್ಸ್ ಅಂಗಡಿಯಲ್ಲಿ ಎರಡನ್ನೂ ಲೀಗಲ್ ಅಂತಲೇ ಕರೆಯುವುದರಿಂದ ಕೆಳಗೆ ಒಂದು ಇಂಚು ಹೋಗುತ್ತದೆ, ಸಹಿ ಇರುವುದೂ ಅಲ್ಲೇ. ಸುಪ್ರೀಂ ಕೋರ್ಟ್ 2020ರ ಏಪ್ರಿಲ್‌ನಿಂದ ಎ4, ಅದೂ ಎರಡು ಬದಿ, ಕನಿಷ್ಠ 75 ಜಿಎಸ್‌ಎಂ (ಚದರ ಮೀಟರಿಗೆ 75 ಗ್ರಾಂ ತೂಗುವ ಕಾಗದ) ಅಂತ ಮಾಡಿದೆ. ಉಳಿದ ಕಡೆ ಏನು ಬೇಕು ಅಂತ ಕೇಳಿಕೊಂಡೇ ಪ್ರಿಂಟ್ ಹಾಕಿಸಿ.

ಪಾಸ್‌ಪೋರ್ಟ್ ಸೈಜ್ ಫೋಟೋ ವಾಪಸ್ ಬಂದರೆ

ಮಿಲಿಮೀಟರಿಗೆ ನಿಜವಾಗಿ ಬೆಲೆ ಇರುವುದು ಇಲ್ಲಿ. "ಪಾಸ್‌ಪೋರ್ಟ್ ಸೈಜ್" ಅನ್ನುವುದು ಒಂದು ಅಳತೆಯೇ ಅಲ್ಲ. ನಮ್ಮ ಸ್ಟುಡಿಯೋದಲ್ಲಿ ಅದು ಸಾಮಾನ್ಯವಾಗಿ 35×45 ಮಿ.ಮೀ., ಯುರೋಪಿನ ಷೆಂಗೆನ್ ವೀಸಾಕ್ಕೂ ಅದೇ. ಅಮೆರಿಕದ ವೀಸಾಕ್ಕೆ 2×2 ಇಂಚು, ಅಂದರೆ 51×51 ಮಿ.ಮೀ. ಚೌಕ. ಪ್ಯಾನ್ ಅರ್ಜಿಗೆ 3.5×2.5 ಸೆಂಟಿಮೀಟರ್. ಈ ಮೂರರಲ್ಲಿ ಮೂರು ಮಾನ ಇದೆ ನೋಡಿ: ಮಿಲಿಮೀಟರ್, ಇಂಚು, ಸೆಂಟಿಮೀಟರ್. ಅದರ ಮೇಲೆ ಇನ್ನೊಂದು ತೊಡಕು ಬೇರೆ. 35×45ರಲ್ಲಿ ಮೊದಲ ಸಂಖ್ಯೆ ಅಗಲ. ಪ್ಯಾನಿನ 3.5×2.5ರಲ್ಲಿ ಮೊದಲ ಸಂಖ್ಯೆ ಎತ್ತರ. ಅರ್ಜಿಯಲ್ಲಿರುವ ಕ್ರಮದಲ್ಲೇ ಕಂಪ್ಯೂಟರಿಗೆ ಹಾಕಿದರೆ ಮುಖ ಅಡ್ಡ ಚೌಕಟ್ಟಿಗೆ ಬಂದು ಕೂರುತ್ತದೆ. ಸ್ಟುಡಿಯೋದವರಿಗೆ "ಅಗಲ ಎರಡೂವರೆ, ಎತ್ತರ ಮೂರೂವರೆ ಸೆಂಟಿಮೀಟರ್" ಅಂತ ಬಾಯಿಬಿಟ್ಟು ಹೇಳಿ.

ಹೊರಗಿನ ಚೌಕಟ್ಟು ಸರಿ ಇದ್ದೂ ವಾಪಸ್ ಬಂದರೆ ಮುಖ ಅಳೆಯಿರಿ. ಗಲ್ಲದಿಂದ ನೆತ್ತಿಯವರೆಗೆ ಅಮೆರಿಕದವರು 25ರಿಂದ 35 ಮಿ.ಮೀ. ಕೇಳುತ್ತಾರೆ, ಷೆಂಗೆನ್‌ನವರು 32ರಿಂದ 36. ಅಂದರೆ ಷೆಂಗೆನ್ ಫೋಟೋದಲ್ಲಿ ಮುಖ ಚೌಕಟ್ಟಿನ ಮುಕ್ಕಾಲು ಭಾಗ ತುಂಬಿರಬೇಕು, ಅಮೆರಿಕದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಾಕು. ಷೆಂಗೆನ್ ಫೋಟೋವನ್ನೇ ಚೌಕಕ್ಕೆ ಕತ್ತರಿಸಿ ಅಮೆರಿಕದ ಅರ್ಜಿಗೆ ಕೊಟ್ಟರೆ ಮುಖ ಚೌಕ ತುಂಬಿ ತುಳುಕುತ್ತದೆ. ಎರಡಕ್ಕೂ ಬೇಕಿದ್ದರೆ ಸುತ್ತ ಸಾಕಷ್ಟು ಜಾಗ ಬಿಟ್ಟು ಒಂದು ಫೋಟೋ ತೆಗೆಸಿ, ಅದರಿಂದ ಎರಡನ್ನೂ ಕತ್ತರಿಸಿಕೊಳ್ಳಿ.

ಇನ್ನು ಹಾಳೆಯ ಲೆಕ್ಕ. 4×6 ಇಂಚಿನ ಒಂದು ಹಾಳೆಯಲ್ಲಿ 35×45ರ ಎಂಟು ಫೋಟೋ ಹಿಡಿಸುತ್ತವೆ, ಒಂದು ಸಾಲಿಗೆ ನಾಲ್ಕರಂತೆ ಎರಡು ಸಾಲು. ಸುತ್ತ ಸ್ವಲ್ಪ ಜಾಗವೂ ಉಳಿಯುತ್ತದೆ. ಸ್ಟುಡಿಯೋದವರು ಎಂಟರ ಲೆಕ್ಕದಲ್ಲಿ ಕೊಡುವುದು ಅದಕ್ಕೇ. 2×2 ಇಂಚಿನದಾದರೆ ಅದೇ ಹಾಳೆಯಲ್ಲಿ ಸರಿಯಾಗಿ ಆರು, ಒಂದು ಮಿಲಿಮೀಟರೂ ಉಳಿಯುವುದಿಲ್ಲ. ಅಪಾಯ ಇರುವುದೂ ಇಲ್ಲೇ. ಅಂಚಿಲ್ಲದ ಪ್ರಿಂಟಿನಲ್ಲಿ ಯಂತ್ರ ಚಿತ್ರವನ್ನು ಕಾಗದಕ್ಕಿಂತ ಸ್ವಲ್ಪ ದೊಡ್ಡದು ಮಾಡಿ ಹೊರಗಿನದನ್ನು ಚೆಲ್ಲಿಬಿಡುತ್ತದೆ, ಇಲ್ಲದಿದ್ದರೆ ಕಾಗದ ಸ್ವಲ್ಪ ಸರಿದರೂ ಬಿಳಿ ಗೆರೆ ಕಾಣುತ್ತದೆ. ಮಾಮೂಲಿ ಫೋಟೋಗೆ ಇದು ಗೊತ್ತೇ ಆಗುವುದಿಲ್ಲ. ವೀಸಾ ಫೋಟೋಗೆ ಮಾತ್ರ ಎಲ್ಲ ಅಳತೆಯೂ ಹಿಗ್ಗುತ್ತದೆ, ಅಂಚಿನ ಫೋಟೋಗಳು ಒಂದು ಬದಿ ಕಳೆದುಕೊಳ್ಳುತ್ತವೆ. ಆದ್ದರಿಂದ ಆರರ ಬದಲು ಎರಡೇ ಇಟ್ಟು, ಸುತ್ತ ಬಿಳಿ ಬಿಟ್ಟು, ಪಕ್ಕದಲ್ಲಿ 50 ಮಿ.ಮೀ.ನ ಒಂದು ಗೆರೆ ಹಾಕಿ ಪ್ರಿಂಟ್ ಕೊಡಿ. ಹಾಳೆ ಕೈಗೆ ಬಂದ ತಕ್ಷಣ ಆ ಗೆರೆ ಅಳೆಯಿರಿ. 50 ಇದ್ದರೆ ಕತ್ತರಿಸಿ. 52 ಇದ್ದರೆ ಕತ್ತರಿಸಬೇಡಿ, ಅಂಚಿಲ್ಲದ ಆಯ್ಕೆ ತೆಗೆದು ಇನ್ನೊಂದು ಹಾಳೆ ಹಾಕಿಸಿ.

"ಪೋಸ್ಟ್‌ಕಾರ್ಡ್ ಸೈಜ್" ಅನ್ನುವುದು ಇನ್ನೊಂದು ಮೋಸದ ಹೆಸರು. ನಮ್ಮ ಅಂಚೆ ಕಾರ್ಡು 14×9 ಸೆಂಟಿಮೀಟರ್. ನೀಟ್ ಅರ್ಜಿಯಲ್ಲಿ ಆ ಹೆಸರಿನಲ್ಲಿ ಕೇಳಿದ್ದು 4×6 ಇಂಚು. ಪ್ರಿಂಟರಿನ ಮೆನುವಿನಲ್ಲಿ ಪೋಸ್ಟ್‌ಕಾರ್ಡ್ ಅಥವಾ ಹಗಾಕಿ ಅಂತ ಇರುವುದು ಜಪಾನಿನದು, 100×148 ಮಿ.ಮೀ. ಟ್ರೇಯಲ್ಲಿ 4×6 ಕಾಗದ ಇಟ್ಟು ಮೆನುವಿನಲ್ಲಿ ಪೋಸ್ಟ್‌ಕಾರ್ಡ್ ಒತ್ತಿದರೆ ಎರಡು ಅಂಚಿನಲ್ಲಿ ಸಣ್ಣ ಬಿಳಿ ಗೆರೆ ಬರುತ್ತದೆ. ಮೆನುವಿನಲ್ಲಿ ಹೆಸರು ನೋಡಬೇಡಿ, ಪಕ್ಕದ ಸಂಖ್ಯೆ ನೋಡಿ. ಬಿ5ಕ್ಕೂ ಇದೇ ಮಾತು, ಅಂತರರಾಷ್ಟ್ರೀಯ ಬಿ5 176×250, ಜಪಾನಿನ ಬಿ5 182×257.

ಅಳತೆ ಸರಿ ಇದೆ, ಆದರೆ ಮಸುಕು

ಪಿಕ್ಸೆಲ್ ಸಾಲುತ್ತಿಲ್ಲ ಅಷ್ಟೇ. ಕೈಯಲ್ಲಿ ಹಿಡಿದು ನೋಡುವ ಫೋಟೋಗೆ ಇಂಚಿಗೆ 300 ಪಿಕ್ಸೆಲ್ ಇದ್ದರೆ ಚೊಕ್ಕ. 4×6ಕ್ಕೆ 1200×1800, 8×10ಕ್ಕೆ 2400×3000, ಎ4ಗೆ 2480×3508, 12×18ಕ್ಕೆ 3600×5400. ಅಳತೆ ಸೆಂಟಿಮೀಟರಿನಲ್ಲಿದ್ದರೆ 2.54ರಿಂದ ಭಾಗಿಸಿ ಇಂಚು ಮಾಡಿಕೊಂಡು 300ರಿಂದ ಗುಣಿಸಿ. ಗೋಡೆಗೆ ಹಾಕುವ ದೊಡ್ಡ ಪ್ರಿಂಟಿಗೆ 150 ಇದ್ದರೂ ನಡೆಯುತ್ತದೆ, ಯಾರೂ ಮೂಗು ತಾಗಿಸಿ ನೋಡುವುದಿಲ್ಲ.

ಮಸುಕಿಗೆ ನಮ್ಮಲ್ಲಿ ದೊಡ್ಡ ಕಾರಣ ವಾಟ್ಸಾಪ್. ಮಾಮೂಲಿಯಾಗಿ ಕಳಿಸಿದ ಫೋಟೋದ ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿಯುತ್ತದೆ. ಅದನ್ನು 18 ಇಂಚಿಗೆ ಎಳೆದರೆ ಇಂಚಿಗೆ 90 ಪಿಕ್ಸೆಲ್ಲೂ ಸಿಗುವುದಿಲ್ಲ. ಸ್ಟುಡಿಯೋಗೆ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ಫೈಲೇ ಹೋಗುತ್ತದೆ. ಇನ್ನು ಅಂಗಡಿಯವರು "ಇದು 72 ಡಿಪಿಐ ಇದೆ, ಬರಲ್ಲ" ಅಂದರೆ ಗಾಬರಿಯಾಗಬೇಡಿ. ಡಿಪಿಐ ಅಂದರೆ ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ, ಆ 72 ಫೈಲಿಗೆ ಅಂಟಿಸಿದ ಒಂದು ಚೀಟಿ ಅಷ್ಟೇ. ಪಿಕ್ಸೆಲ್ 3000×4000 ಇದ್ದರೆ ಚೀಟಿ ಏನೇ ಹೇಳಲಿ, 10×13 ಇಂಚಿನವರೆಗೆ ಚೆನ್ನಾಗಿ ಬರುತ್ತದೆ.

ಎಲ್ಲ ನೋಡಿದರೂ ಸರಿಹೋಗದಿದ್ದರೆ

ಚೌಕ 100 ಮಿ.ಮೀ. ಬಂದಿದೆ, ಮಾನ ಸರಿ, ಆಕಾರ ಸರಿ, ಆದರೂ ಚಿತ್ರ ಒಂದು ಬದಿಗೆ ಸರಿದಿದೆ ಅಥವಾ ಓರೆಯಾಗಿದೆ. ಈಗ ಪ್ರಿಂಟರನ್ನು ಅನುಮಾನಿಸಬಹುದು. ಮೊದಲು ಟ್ರೇಯಲ್ಲಿ ಕಾಗದ ಹಿಡಿಯುವ ಪಕ್ಕದ ತಡೆಗಳನ್ನು ಕಾಗದಕ್ಕೆ ತಾಗುವಷ್ಟು ಸರಿಸಿ, ಎ4ನಿಂದ 4×6ಕ್ಕೆ ಬದಲಿಸಿದಾಗ ಅವನ್ನು ಅಲ್ಲೇ ಬಿಟ್ಟುಬಿಡುವುದು ಮಾಮೂಲು. ಕಾಗದವನ್ನೂ ಅಳೆಯಿರಿ. ಕತ್ತರಿಸಿ ಬಿಡಿಯಾಗಿ ಮಾರುವ ಫೋಟೋ ಪೇಪರ್ ಒಂದೊಂದು ಸಲ ಮೂಲೆಯಲ್ಲಿ ಓರೆ ಇರುತ್ತದೆ, ಎರಡು ಹಾಳೆಯನ್ನು ತಿರುಗಿಸಿ ಒಂದರ ಮೇಲೊಂದು ಇಟ್ಟರೆ ಗೊತ್ತಾಗುತ್ತದೆ. ದಪ್ಪ ಪೇಪರ್ ಹಾಕಿ ಸೆಟ್ಟಿಂಗಿನಲ್ಲಿ ಪ್ಲೇನ್ ಪೇಪರ್ ಅಂತ ಬಿಟ್ಟಿದ್ದರೆ ಅದನ್ನೂ ಬದಲಿಸಿ. ಅದಾದ ಮೇಲೂ ಓರೆಯೇ ಬಂದರೆ ಒಳಗಿನ ರಬ್ಬರ್ ರೋಲರ್ ಸವೆದಿರಬಹುದು. ಆ ಚೌಕದ ಪ್ರಿಂಟನ್ನು ಜೊತೆಗಿಟ್ಟುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ರಿಪೇರಿ ಅಂಗಡಿಗಳ ಕಡೆ ಹೋಗಿ, ರಿಪೇರಿಯವರಿಗೆ ಮಾತಿಗಿಂತ ಅದನ್ನು ತೋರಿಸಿದರೆ ಬೇಗ ಅರ್ಥವಾಗುತ್ತದೆ.